ಮಹಿಳಾ ಬ್ಯಾಸ್ಕೆಟ್‌ಬಾಲ್ ಅರ್ಹತಾ ಟೂರ್ನಿ: ಹಾಸನದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಬೇಲೂರು, ಅರಸೀಕೆರೆ, ಸಕಲೇಶಪುರದ ಕಡೆ ಆಡುವ ಹುಡುಗಿಯರು, ಅವರ ಅಪ್ಪ ಅಮ್ಮಂದಿರು, ಪಿ.ಟಿ. ಮೇಷ್ಟ್ರುಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಆಟ ಹೊಸದು ಅನ್ನುವವರು ಮೊದಲಿಂದ ಓದಿ. ಟೂರ್ನಿ ನಡೆಸಲು ಹೊರಟವರು ನೇರವಾಗಿ ಕೊನೆಯ ಭಾಗಕ್ಕೆ ಹೋಗಬಹುದು.

## ಮೊದಲು ತಿಳಿಯಬೇಕಾದ್ದು

ಅರ್ಹತಾ ಟೂರ್ನಿ ಅಂದ್ರೆ ವಿಶ್ವಕಪ್ಪಿನ ಮೊದಲ ಸುತ್ತೇನಾ?

ಅಲ್ಲ. ವಿಶ್ವಕಪ್ಪಿಗೆ ಯಾರು ಬರಬೇಕು ಎಂದು ಆರಿಸುವ ಬೇರೆಯದೇ ಟೂರ್ನಿ ಅದು. ಅಲ್ಲಿ ಫೈನಲ್ ಇಲ್ಲ, ಕಪ್ಪಿಲ್ಲ. ಗೆದ್ದವರಿಗೆ ಸಿಗುವುದು ಟಿಕೆಟ್ ಮಾತ್ರ. 2026ರ ಮಹಿಳಾ ವಿಶ್ವಕಪ್ ಬರ್ಲಿನ್ನಿನಲ್ಲಿ, ಸೆಪ್ಟೆಂಬರ್ 4ರಿಂದ 13ರವರೆಗೆ. 2022ರಲ್ಲಿ ಸಿಡ್ನಿಯಲ್ಲಿ 12 ತಂಡಗಳಿದ್ದವು, ಬರ್ಲಿನ್ನಿಗೆ 16 ಮಾಡಿದ್ದಾರೆ. ಆ 16ನ್ನು ಆರಿಸಲು ಮಾರ್ಚ್ 11ರಿಂದ 17ರವರೆಗೆ ನಾಲ್ಕು ಊರುಗಳಲ್ಲಿ ಏಕಕಾಲಕ್ಕೆ ಅರ್ಹತಾ ಟೂರ್ನಿ: ಫ್ರಾನ್ಸಿನ ಲಿಯಾನ್ ಪಕ್ಕದ ವಿಲರ್‌ಬಾನ್, ಟರ್ಕಿಯ ಇಸ್ತಾಂಬುಲ್, ಚೀನಾದ ವುಹಾನ್, ಪ್ವೆರ್ಟೊ ರಿಕೊದ ಸಾನ್ ಹ್ವಾನ್. ಒಂದೊಂದು ಊರಲ್ಲಿ ಆರು ತಂಡ. ಎಲ್ಲರೂ ಎಲ್ಲರ ಎದುರು ಒಮ್ಮೊಮ್ಮೆ ಆಡಬೇಕು. ಹಾಗಾಗಿ ತಂಡಕ್ಕೆ ಐದು ಪಂದ್ಯ, ಊರಿಗೆ 15 ಪಂದ್ಯ. ಏಳು ದಿನದಲ್ಲಿ ಎರಡು ದಿನ ಮಾತ್ರ ವಿಶ್ರಾಂತಿ.

24 ತಂಡ ಆಡಿ 16 ಹೋಗ್ತವೆ ಅಂದ್ರೆ ಪ್ರತಿ ಊರಿಂದ ನಾಲ್ಕು. ಮೊದಲ ನಾಲ್ಕು ಸ್ಥಾನ ಬಂದೋರು ಹೋಗ್ತಾರೆ, ಅಷ್ಟೇ ತಾನೆ?

ಲೆಕ್ಕ ಸರಿ, ತೀರ್ಮಾನ ತಪ್ಪು. ಐದು ತಂಡಗಳಿಗೆ ಜಾಗ ಮೊದಲೇ ಖಾತ್ರಿಯಾಗಿತ್ತು. ಆತಿಥೇಯ ಜರ್ಮನಿ ಒಂದು. ಉಳಿದ ನಾಲ್ಕು 2025ರಲ್ಲಿ ತಮ್ಮ ತಮ್ಮ ಖಂಡದ ಕಪ್ ಗೆದ್ದ ಅಮೆರಿಕ, ಬೆಲ್ಜಿಯಂ, ಆಸ್ಟ್ರೇಲಿಯಾ, ನೈಜೀರಿಯಾ. ಈ ಐದೂ ಅರ್ಹತಾ ಟೂರ್ನಿಯಲ್ಲಿ ಆಡಲೇಬೇಕು, ಆದರೆ ಕೊನೆಯ ಸ್ಥಾನಕ್ಕೆ ಬಿದ್ದರೂ ಅವರ ಟಿಕೆಟ್ ಹೋಗುವುದಿಲ್ಲ. ಹಾಗಾಗಿ ನಿಜವಾದ ಪೈಪೋಟಿ 11 ಜಾಗಕ್ಕೆ. ಜರ್ಮನಿ, ನೈಜೀರಿಯಾ ಎರಡೂ ಫ್ರಾನ್ಸಿನ ಗುಂಪಿನಲ್ಲೇ ಇದ್ದವು. ಅಲ್ಲಿ ಮಿಕ್ಕ ನಾಲ್ಕು ತಂಡ ಎರಡೇ ಜಾಗಕ್ಕೆ ಹೊಡೆದಾಡಬೇಕು. ಬೇರೆ ಮೂರು ಊರುಗಳಲ್ಲಿ ಐದು ತಂಡಕ್ಕೆ ಮೂರು ಜಾಗ. ಪಟ್ಟಿ ನೋಡುವಾಗ ಖಾತ್ರಿಯಾದ ತಂಡದ ಹೆಸರಿನ ಮೇಲೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದು ಉಳಿದವನ್ನು ಎಣಿಸಿ. ಆಗ ಯಾರು ಒಳಗೆ ಯಾರು ಹೊರಗೆ ಎಂದು ಕೂಡಲೇ ಕಾಣುತ್ತದೆ.

ಈಗಾಗ್ಲೇ ಆಯ್ಕೆ ಆದೋರನ್ನ ಯಾಕೆ ಆಡಿಸ್ತಾರೆ? ಸುಮ್ನೆ ಸೋತುಬಿಟ್ರೆ?

ಫಲಿತಾಂಶ ವಿಶ್ವ ರ‍್ಯಾಂಕಿಂಗಿಗೆ ಸೇರುತ್ತದೆ. ಅದಕ್ಕಿಂತ ಮುಖ್ಯ, ರಾಷ್ಟ್ರೀಯ ತಂಡದ 12 ಜನ ಒಟ್ಟಾಗಿ ಸಿಗುವುದೇ ವರ್ಷದಲ್ಲಿ ಕೆಲವೇ ದಿನ. ಉಳಿದಂತೆ ಒಬ್ಬೊಬ್ಬರು ಒಂದೊಂದು ದೇಶದ ಕ್ಲಬ್ಬಿನಲ್ಲಿರುತ್ತಾರೆ. ಆ ದಿನಗಳನ್ನು ಯಾವ ಕೋಚೂ ಪೋಲು ಮಾಡುವುದಿಲ್ಲ. ಆದರೂ ಹೊಸಬರಿಗೆ ಹೆಚ್ಚು ನಿಮಿಷ ಕೊಟ್ಟು ನೋಡುವುದುಂಟು. ಅಂಥ ದಿನ ಅವರ ಎದುರು ಆಡುವ ತಂಡಕ್ಕೆ ಅದೃಷ್ಟ ಒಲಿದಂತೆ. ಈ ಪದ್ಧತಿಯ ದುರ್ಬಲ ಜಾಗ ಇದೇ ಎಂಬುದು ನಮ್ಮ ಅಭಿಪ್ರಾಯ.

ಒಲಿಂಪಿಕ್ಸಿಗೂ ಇದೇ ಟೂರ್ನಿನಾ?

ಬೇರೆ. ಪ್ಯಾರಿಸ್ ಒಲಿಂಪಿಕ್ಸಿಗೆ 2024ರ ಫೆಬ್ರುವರಿ 8ರಿಂದ 11ರವರೆಗೆ ಬೆಲ್ಜಿಯಂನ ಆಂಟ್ವರ್ಪ್, ಹಂಗೇರಿಯ ಶೋಪ್ರೋನ್, ಬ್ರೆಜಿಲಿನ ಬೆಲೆಂ, ಚೀನಾದ ಶಿಯಾನ್ ನಗರಗಳಲ್ಲಿ ಅರ್ಹತಾ ಟೂರ್ನಿ ನಡೆಯಿತು. ಗುಂಪಿಗೆ ನಾಲ್ಕೇ ತಂಡ, ಮೂರೇ ಪಂದ್ಯ. ನಾಲ್ಕರಲ್ಲಿ ಮೂರು ತಂಡ ಒಲಿಂಪಿಕ್ಸಿಗೆ. ಮೂರು ಪಂದ್ಯದ ಟೂರ್ನಿ ಬಹಳ ಕ್ರೂರ. ಒಂದು ಕೆಟ್ಟ ಕ್ವಾರ್ಟರ್, ಅಂದರೆ ಆಟದ ಕಾಲು ಭಾಗ, ನಾಲ್ಕು ವರ್ಷದ ಶ್ರಮವನ್ನು ತಿಂದುಹಾಕಬಲ್ಲದು. ಆದರೆ ಒಂದೇ ಗೆಲುವಿನಲ್ಲಿ ದಾಟುವುದೂ ಅಲ್ಲಿ ಸಾಧ್ಯ. ಅದರ ಲೆಕ್ಕವನ್ನು ಮುಂದೆ ಅಂಕಪಟ್ಟಿಯ ಭಾಗದಲ್ಲಿ ಕೊಟ್ಟಿದ್ದೇವೆ.

## ನೋಡುವವರಿಗೆ

ಮ್ಯಾಚು ನಮ್ಮ ಟೈಮಿಗೆ ಎಷ್ಟು ಗಂಟೆಗೆ? ಪ್ರತಿ ಸಲ ತಪ್ಪಿಸ್ಕೊಳ್ತೀವಿ.

ವೇಳಾಪಟ್ಟಿಯಲ್ಲಿ ಕೊಡುವುದು ಆ ಊರಿನ ಸಮಯ. ಎಡವುವುದೇ ಅಲ್ಲಿ. ಮಾರ್ಚ್ ಮಧ್ಯದಲ್ಲಿ ಫ್ರಾನ್ಸ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅಲ್ಲಿಯ ರಾತ್ರಿ 8.30 ನಮಗೆ ಮರುದಿನ ಬೆಳಗಿನ ಜಾವ 1.00. ಇಸ್ತಾಂಬುಲ್ ಎರಡೂವರೆ ಗಂಟೆ ಹಿಂದೆ, ಸಾನ್ ಹ್ವಾನ್ ಒಂಬತ್ತೂವರೆ ಗಂಟೆ ಹಿಂದೆ. ಸಾನ್ ಹ್ವಾನಿನ ರಾತ್ರಿ 8.00ರ ಪಂದ್ಯವನ್ನು ಬೆಳಿಗ್ಗೆ 5.30ಕ್ಕೆ, ಕಾಫಿ ಲೋಟ ಹಿಡಿದು ನೋಡಬಹುದು. ವುಹಾನ್ ಒಂದು ನಮಗಿಂತ ಎರಡೂವರೆ ಗಂಟೆ ಮುಂದೆ. ಸಂಜೆ 7.30ರ ಪಂದ್ಯ ಇಲ್ಲಿ 5.00ಕ್ಕೆ, ಶಾಲೆಯಿಂದ ಬಂದ ಮಕ್ಕಳಿಗೆ ಹೇಳಿ ಮಾಡಿಸಿದ ಹೊತ್ತು. ಯುರೋಪು ಮಾರ್ಚ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದಿಡುತ್ತದೆ. ಹಾಗಾಗಿ ಸೆಪ್ಟೆಂಬರಿನಲ್ಲಿ ಬರ್ಲಿನ್ ಮೂರೂವರೆ ಗಂಟೆಯಷ್ಟೇ ಹಿಂದೆ.

ವಿಶ್ವ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫೀಬಾದ ಸ್ವಂತ ಪ್ರಸಾರ ವೇದಿಕೆ ಕೋರ್ಟ್‌ಸೈಡ್ 1891. ಆಟ ಹುಟ್ಟಿದ ವರ್ಷವೇ ಅದರ ಹೆಸರು. ಎಸ್ಟೇಟ್ ಕಡೆ ನೆಟ್‌ವರ್ಕ್ ಎಳೆಯದಿದ್ದರೆ ವಿಡಿಯೊ ಬಿಟ್ಟು ಲೈವ್ ಅಂಕಿ ಅಂಶದ ಪುಟ ತೆರೆಯಿರಿ. ಪ್ರತಿ ಬುಟ್ಟಿ, ಪ್ರತಿ ಫೌಲ್ ಅಲ್ಲಿ ಬೀಳುತ್ತಾ ಹೋಗುತ್ತದೆ, ಡೇಟಾ ಬಹಳ ಕಡಿಮೆ ಸಾಕು.

ಹೆಂಗಸರ ಆಟಕ್ಕೆ ರೂಲ್ಸ್ ಬೇರೆನಾ? ಬುಟ್ಟಿ ಕೆಳಗಿರತ್ತಾ?

ಬುಟ್ಟಿ ಅಷ್ಟೇ ಎತ್ತರ, 3.05 ಮೀಟರ್. ಅಂಕಣವೂ ಅದೇ 28 ಮೀಟರ್ ಉದ್ದ, 15 ಮೀಟರ್ ಅಗಲ. ಮೂರು ಅಂಕದ ಗೆರೆಯೂ ಅದೇ 6.75 ಮೀಟರ್. ಬದಲಾಗುವುದು ಚೆಂಡು. ಮಹಿಳೆಯರದು ಸೈಜ್ 6: ಸುತ್ತಳತೆ 715ರಿಂದ 730 ಮಿಲಿಮೀಟರ್, ತೂಕ 510ರಿಂದ 550 ಗ್ರಾಂ. ಗಂಡಸರ ಸೈಜ್ 7 ಚೆಂಡು ಇದಕ್ಕಿಂತ ಸುಮಾರು 70 ಗ್ರಾಂ ಭಾರ.

ಶಾಲೆಗಳಲ್ಲಿ ಆಗುವ ದೊಡ್ಡ ತಪ್ಪು ಇದೇ. ಹುಡುಗರಿಗೆ ತಂದ ಸೈಜ್ 7 ಚೆಂಡನ್ನೇ ಹುಡುಗಿಯರ ಕೈಗೂ ಕೊಡುತ್ತಾರೆ. ಚೆಂಡು ಭಾರವಾದಾಗ ಹುಡುಗಿ ಎದೆಯ ಹತ್ತಿರದಿಂದ ಎರಡೂ ಕೈಯಲ್ಲಿ ತಳ್ಳಿ ಎಸೆಯುವುದನ್ನು ಕಲಿಯುತ್ತಾಳೆ. ಆ ಅಭ್ಯಾಸ ಒಮ್ಮೆ ಕೂತರೆ ಬಿಡಿಸಲು ವರ್ಷಗಳೇ ಬೇಕು. 12 ವರ್ಷದ ಕೆಳಗಿನವರಿಗೆ ಸೈಜ್ 5, ಆಮೇಲೆ ಸೈಜ್ 6. ಇದರಲ್ಲಿ ರಾಜಿ ಬೇಡ.

24 ಸೆಕೆಂಡ್ ಅಂತಾರೆ, ಒಂದೊಂದ್ಸಲ 14 ಅಂತ ತೋರಿಸ್ತದೆ. ಯಾಕೆ?

ಚೆಂಡು ಕೈಗೆ ಬಂದ ತಂಡ 24 ಸೆಕೆಂಡಿನೊಳಗೆ ಎಸೆಯಬೇಕು, 8 ಸೆಕೆಂಡಿನೊಳಗೆ ಮಧ್ಯದ ಗೆರೆ ದಾಟಬೇಕು. ಎಸೆತ ರಿಂಗಿಗೆ ತಾಗಿ ಅದೇ ತಂಡಕ್ಕೆ ಮತ್ತೆ ಚೆಂಡು ಸಿಕ್ಕರೆ ಹೊಸದಾಗಿ 24 ಕೊಡುವುದಿಲ್ಲ, 14 ಮಾತ್ರ. ಎದುರಾಳಿಗೆ ಸಿಕ್ಕರೆ ಅವರಿಗೆ ಪೂರ್ತಿ 24.

ಮಿಕ್ಕದ್ದನ್ನು ಚುಟುಕಾಗಿ ಹೇಳುವುದಾದರೆ, 10 ನಿಮಿಷದ ನಾಲ್ಕು ಕ್ವಾರ್ಟರ್. ಸಮವಾದರೆ 5 ನಿಮಿಷದ ಹೆಚ್ಚುವರಿ ಆಟ. ಐದು ವೈಯಕ್ತಿಕ ಫೌಲ್ ಆದವಳು ಹೊರಗೆ. ಒಂದು ಕ್ವಾರ್ಟರಿನಲ್ಲಿ ತಂಡದ ನಾಲ್ಕು ಫೌಲ್ ಮುಗಿದ ಮೇಲೆ, ಐದನೆಯದರಿಂದ ಎದುರಾಳಿಗೆ ಎರಡು ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬಾರದ ಎಸೆತ.

## ಅಂಕಪಟ್ಟಿ ಓದುವವರಿಗೆ

ಸೋತರೂ ಒಂದು ಪಾಯಿಂಟ್ ಕೊಡ್ತಾರಲ್ಲ, ಇದ್ಯಾವ ನ್ಯಾಯ?

ಗೆದ್ದರೆ 2, ಸೋತರೆ 1, ಆಡದೇ ಬಿಟ್ಟುಕೊಟ್ಟರೆ 0. ಆ ಒಂದು ಅಂಕ ಸೋಲಿಗೆ ಬಹುಮಾನ ಅಲ್ಲ. ಸೋತರೂ ಕೊನೆಯವರೆಗೆ ಆಡಿದ ತಂಡಕ್ಕೂ ಬಾರದೇ ಹೋದ ತಂಡಕ್ಕೂ ನಡುವೆ ಇಟ್ಟ ವ್ಯತ್ಯಾಸ. ಆಟ ಶುರುವಾಗಬೇಕಾದ ಹೊತ್ತಿನಿಂದ 15 ನಿಮಿಷದೊಳಗೆ ಐವರು ಆಟಗಾರ್ತಿಯರು ಅಂಕಣದಲ್ಲಿ ಸಿದ್ಧರಿಲ್ಲದಿದ್ದರೆ ಪಂದ್ಯ ಎದುರಾಳಿಗೆ 20-0.

ಮೂರು ತಂಡ ಸಮ ಆದ್ರೆ ಹೆಂಗೆ ತೀರ್ಮಾನ? ಪ್ರತಿ ಟೂರ್ನಿಯಲ್ಲೂ ಇಲ್ಲೇ ಜಗಳ.

ಜಗಳಕ್ಕೆ ಕಾರಣ ಒಂದೇ: ಎಲ್ಲ ಪಂದ್ಯಗಳ ಒಟ್ಟು ಅಂತರವನ್ನು ಮೊದಲು ಕೂಡಿಸಿಬಿಡುತ್ತಾರೆ. ಫೀಬಾ ನಿಯಮದ ಕ್ರಮ ಹೀಗಿದೆ. ಮೊದಲು, ಸಮವಾದ ತಂಡಗಳು ತಮ್ಮತಮ್ಮೊಳಗೆ ಆಡಿದ ಪಂದ್ಯಗಳಲ್ಲಿ ಯಾರು ಹೆಚ್ಚು ಗೆದ್ದರು. ಅದೂ ಸಮವಾದರೆ ಅದೇ ಪಂದ್ಯಗಳ ಅಂಕಗಳ ಅಂತರ. ಆಮೇಲೆ ಅದೇ ಪಂದ್ಯಗಳಲ್ಲಿ ಹೊಡೆದ ಅಂಕ. ಇಷ್ಟಾದರೂ ಬಗೆಹರಿಯದಿದ್ದರೆ ಮಾತ್ರ ಗುಂಪಿನ ಎಲ್ಲ ಪಂದ್ಯಗಳ ಅಂತರ, ಕೊನೆಗೆ ಎಲ್ಲ ಪಂದ್ಯಗಳ ಒಟ್ಟು ಅಂಕ. ನಡುವೆ ಯಾವ ಹಂತದಲ್ಲಿ ಒಂದು ತಂಡದ ಸ್ಥಾನ ತೀರ್ಮಾನವಾದರೂ, ಇನ್ನೂ ಸಮವಾಗಿ ಉಳಿದವರ ಲೆಕ್ಕ ಮತ್ತೆ ಮೊದಲ ಹಂತದಿಂದ ಶುರು.

ಬೇಲೂರು, ಆಲೂರು, ಅರಕಲಗೂಡು ತಂಡಗಳು ಸಮವಾಗಿವೆ ಎಂದಿಟ್ಟುಕೊಳ್ಳಿ. ಬೇಲೂರು ಆಲೂರನ್ನು 70-60ರಿಂದ, ಅರಕಲಗೂಡು ಬೇಲೂರನ್ನು 71-65ರಿಂದ, ಆಲೂರು ಅರಕಲಗೂಡನ್ನು 66-62ರಿಂದ ಸೋಲಿಸಿದೆ. ಮೂವರಿಗೂ ಒಂದೊಂದು ಗೆಲುವು. ಅಂತರ ನೋಡಿದರೆ ಬೇಲೂರು ಕೂಡು 4, ಅರಕಲಗೂಡು ಕೂಡು 2, ಆಲೂರು ಕಳೆ 6. ಕೊನೆಯ ಪಂದ್ಯ ಗೆದ್ದೂ ಆಲೂರು ಮೂರನೆಯದು.

ಆ ಕೊನೆಯ ಪಂದ್ಯವನ್ನು ಆಲೂರು ಎಷ್ಟರಿಂದ ಗೆಲ್ಲಬೇಕಿತ್ತು? 8 ಅಂಕದಿಂದ ಗೆದ್ದಿದ್ದರೆ ಆಲೂರು, ಅರಕಲಗೂಡು ಎರಡೂ ಕಳೆ 2. ಬೇಲೂರು ಮೊದಲು. ಉಳಿದಿಬ್ಬರ ನಡುವಿನ ಪಂದ್ಯ ಗೆದ್ದವರು ಆಲೂರು, ಆದ್ದರಿಂದ ಎರಡನೆಯ ಸ್ಥಾನ. 14ರಿಂದ ಗೆದ್ದರೆ ಬೇಲೂರಿನೊಂದಿಗೆ ಕೂಡು 4ರಲ್ಲಿ ಸಮ, ಆದರೆ ನೇರ ಪಂದ್ಯದಲ್ಲಿ ಬೇಲೂರು ಗೆದ್ದಿದೆ, ಮತ್ತೆ ಎರಡನೆಯ ಸ್ಥಾನವೇ. 15ರಿಂದ ಗೆದ್ದರೆ ಮೊದಲ ಸ್ಥಾನ. ಈ 8 ಮತ್ತು 15 ಎಂಬ ಎರಡು ಸಂಖ್ಯೆ ಪಂದ್ಯ ಶುರುವಾಗುವ ಮೊದಲೇ ಕೋಚಿನ ಚೀಟಿಯಲ್ಲಿರಬೇಕು. ನಾಲ್ಕು ಅಂಕದಿಂದ ಮುಂದಿದ್ದೇವೆ ಎಂದು ಕೊನೆಯ ನಿಮಿಷದಲ್ಲಿ ಚೆಂಡು ಹಿಡಿದು ಕಾಲ ಕಳೆಯುವ ತಂಡ, ಗೆದ್ದ ಸಂಭ್ರಮದಲ್ಲಿ ಮನೆಗೆ ಹೋಗುತ್ತದೆ.

ಸೋಲೋದು ಖಚಿತ ಆದ್ಮೇಲೂ ಕೊನೆ ನಿಮಿಷದಲ್ಲಿ ಅಷ್ಟು ಒದ್ದಾಡೋದು ಯಾಕೆ?

ಮೇಲಿನ ಲೆಕ್ಕವನ್ನು ಸೋಲುವವರ ಕಡೆಯಿಂದ ನೋಡಿ. 12 ಅಂಕದ ಸೋಲನ್ನು 7ಕ್ಕೆ ಇಳಿಸಿದ ತಂಡ ಆ ಐದು ಅಂಕವನ್ನು ಮುಂದಿನ ಪಂದ್ಯಕ್ಕೆ ಉಳಿತಾಯವಾಗಿ ಒಯ್ಯುತ್ತದೆ. ಅರ್ಹತಾ ಟೂರ್ನಿಯಲ್ಲಿ ಸೋಲಿನ ಅಂತರಕ್ಕೂ ಬೆಲೆ ಇದೆ. ನಾಕೌಟಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ.

2024ರಲ್ಲಿ ಶೋಪ್ರೋನ್‌ನಲ್ಲಿ ಕೆನಡಾ ಒಂದೇ ಪಂದ್ಯ ಗೆದ್ದು ಎರಡು ಸೋತಿತು. ಗೆದ್ದದ್ದು ಆತಿಥೇಯ ಹಂಗೇರಿಯ ಮೇಲೆ. ತನ್ನ ಪಂದ್ಯ ಮುಗಿದ ಮೇಲೆ ಅದರ ಭವಿಷ್ಯ ಸ್ಪೇನ್ ಮತ್ತು ಹಂಗೇರಿಯ ಕೈಯಲ್ಲಿತ್ತು. ಹಿಂದೆ ಬಿದ್ದಿದ್ದ ಸ್ಪೇನ್ ಚೇತರಿಸಿಕೊಂಡು 73-72ರಿಂದ ಗೆದ್ದಿತು. ಕೆನಡಾ, ಹಂಗೇರಿ ಒಂದೊಂದು ಗೆಲುವಿನಲ್ಲಿ ಸಮವಾದವು. ನೇರ ಪಂದ್ಯದ ಫಲದಿಂದ ಕೆನಡಾ ಒಲಿಂಪಿಕ್ಸಿಗೆ ಹೋಯಿತು. ಅದೇ ವರ್ಷ ಆಂಟ್ವರ್ಪಿನಲ್ಲಿ ಸೆನೆಗಲ್ ಮೇಲೆ ಗೆದ್ದು ದಾಟಿದ ನೈಜೀರಿಯಾ, ಪ್ಯಾರಿಸಿನಲ್ಲಿ ಕ್ವಾರ್ಟರ್ ಫೈನಲ್ ತಲುಪಿತು. ಪುರುಷರಾಗಲಿ ಮಹಿಳೆಯರಾಗಲಿ, ಒಲಿಂಪಿಕ್ಸ್ ಬ್ಯಾಸ್ಕೆಟ್‌ಬಾಲಿನಲ್ಲಿ ಆಫ್ರಿಕಾದ ಒಂದು ತಂಡ ಅಲ್ಲಿಯವರೆಗೆ ಹೋದದ್ದು ಅದೇ ಮೊದಲು.

## ಭಾರತ, ಮತ್ತು ನಮ್ಮ ಹುಡುಗಿಯರು

ಇಂಡಿಯಾ ಯಾಕೆ ಇದರಲ್ಲಿ ಇಲ್ಲ?

ಏಷ್ಯಾದಿಂದ ಅರ್ಹತಾ ಟೂರ್ನಿಗೆ ಹೋಗುವ ದಾರಿ ಏಷ್ಯಾ ಕಪ್ಪಿನ ಮೇಲಿನ ದರ್ಜೆ, ಅಂದರೆ ಎ ಡಿವಿಷನ್. ಅಲ್ಲಿ ಎಂಟೇ ತಂಡ. 2026ರ ಅರ್ಹತಾ ಟೂರ್ನಿಗೆ ಏಷ್ಯಾ ವಲಯದಿಂದ ಹೋದ ಆರು ಆಸ್ಟ್ರೇಲಿಯಾ, ಜಪಾನ್, ಚೀನಾ, ದಕ್ಷಿಣ ಕೊರಿಯಾ, ನ್ಯೂಜಿಲೆಂಡ್, ಫಿಲಿಪ್ಪೀನ್ಸ್. ಭಾರತ ಮೊದಲು ಕೆಳಗಿನ ದರ್ಜೆಯಾದ ಬಿ ಡಿವಿಷನ್ ಗೆಲ್ಲಬೇಕು, ಮುಂದಿನ ಸಲ ಎ ಡಿವಿಷನ್ನಿನಲ್ಲಿ ಈ ಆರರಲ್ಲಿ ಯಾರನ್ನಾದರೂ ಹಿಂದಿಕ್ಕಬೇಕು.

ಮೊದಲ ಮೆಟ್ಟಿಲನ್ನು ಭಾರತ ನಮ್ಮ ರಾಜ್ಯದಲ್ಲೇ ಹತ್ತಿತ್ತು. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಬಿ ಡಿವಿಷನ್ ಫೈನಲಿನಲ್ಲಿ ಕಜಕಸ್ತಾನವನ್ನು 75-73ರಿಂದ ಸೋಲಿಸಿತು. ಅದೇ ಕ್ರೀಡಾಂಗಣದಲ್ಲಿ ಎ ಡಿವಿಷನ್ ಫೈನಲಿನಲ್ಲಿ ಜಪಾನ್ ಆಸ್ಟ್ರೇಲಿಯಾವನ್ನು 74-73ರಿಂದ ಸೋಲಿಸಿತು. ಎರಡು ಫೈನಲ್ ಸೇರಿ ಮೂರೇ ಅಂಕದ ಅಂತರ! ಮೇಲೆ ಹೋದ ಮೇಲೆ ಉಳಿಯುವುದು ಕಷ್ಟವಾಯಿತು. 2021ರಲ್ಲಿ ಜೋರ್ಡಾನಿನ ಅಮ್ಮಾನಿನಲ್ಲಿ ಎಂಟನೆಯ ಸ್ಥಾನಕ್ಕಿಳಿದು ಭಾರತ ಮತ್ತೆ ಬಿ ಡಿವಿಷನ್ನಿಗೆ ಬಂತು.

ವಿದೇಶದಲ್ಲಿ ಆಡೋ ಭಾರತ ಮೂಲದವರನ್ನ ಕರ್ಕೊಂಡು ಬಂದು ಆಡಿಸಬಾರದಾ?

ಭಾರತೀಯ ಪಾಸ್‌ಪೋರ್ಟ್ ಬೇಕು. ನಮ್ಮ ಕಾನೂನಿನಲ್ಲಿ ಎರಡು ಪೌರತ್ವ ಇಲ್ಲ. ಸಾಗರೋತ್ತರ ಭಾರತೀಯರ ಒಸಿಐ ಕಾರ್ಡ್ ಪೌರತ್ವ ಅಲ್ಲ. ಇನ್ನೊಂದು ತಡೆಯೂ ಇದೆ. 16 ವರ್ಷ ತುಂಬಿದ ಮೇಲೆ ಪೌರತ್ವ ಪಡೆದವರನ್ನು ಒಂದು ತಂಡ ಒಬ್ಬರನ್ನು ಮಾತ್ರ ಆಡಿಸಬಹುದು.

ನನ್ನ ಮಗಳು 5 ಅಡಿ 3 ಇಂಚು. ಈ ಆಟದಲ್ಲಿ ಮುಂದೆ ಹೋಗ್ತಾಳಾ?

ಅಷ್ಟೆಂದರೆ 160 ಸೆಂಟಿಮೀಟರ್. ಜಪಾನಿನ ರುಯಿ ಮಾಚಿದಾ 162 ಸೆಂಟಿಮೀಟರ್. ಟೋಕಿಯೊ ಒಲಿಂಪಿಕ್ಸ್ ಸೆಮಿಫೈನಲಿನಲ್ಲಿ ಫ್ರಾನ್ಸ್ ಎದುರು 18 ಅಸಿಸ್ಟ್ (ಜೊತೆಯವಳು ಬುಟ್ಟಿ ಹೊಡೆಯಲು ಕೊಡುವ ಪಾಸ್) ಕೊಟ್ಟು ಒಲಿಂಪಿಕ್ಸ್ ದಾಖಲೆ ಬರೆದವಳು ಅವಳು. ಆ ತಂಡ ಬೆಳ್ಳಿ ಗೆದ್ದಿತು.

ಆದರೆ ಜಪಾನ್ ಹೇಗೆ ಗೆದ್ದಿತು ಎಂಬುದನ್ನು ಬಿಟ್ಟು ಬರೀ ಎತ್ತರದ ಸಮಾಧಾನ ಹೇಳಿದರೆ ಮಗುವಿಗೆ ಉಪಯೋಗವಿಲ್ಲ. ಅವರ ಐವರೂ ಮೂರು ಅಂಕದ ಗೆರೆಯ ಹೊರಗೆ ಹರಡಿಕೊಳ್ಳುತ್ತಾರೆ. ಎತ್ತರದ ಎದುರಾಳಿ ಬುಟ್ಟಿಯ ಕೆಳಗಿಂದ ಹೊರಗೆ ಬರಲೇಬೇಕಾಗುತ್ತದೆ. ಆಗ ಖಾಲಿಯಾದ ಜಾಗಕ್ಕೆ ಒಬ್ಬಳು ನುಗ್ಗುತ್ತಾಳೆ. ಇದಕ್ಕೆ ಬೇಕಾದ್ದು ಎರಡೂ ಕೈಯಲ್ಲಿ ಡ್ರಿಬಲ್, ಓಡುತ್ತಲೇ ಕೊಡುವ ಪಾಸ್, ದೂರದ ಎಸೆತ. ಎಸೆತವನ್ನು ಬುಟ್ಟಿಯಿಂದ 2 ಮೀಟರ್ ದೂರದಲ್ಲಿ ಒಂದೇ ಕೈಯಲ್ಲಿ ಶುರು ಮಾಡಿ. ಹತ್ತರಲ್ಲಿ ಏಳು ಬಿದ್ದ ಮೇಲೆ ಒಂದು ಹೆಜ್ಜೆ ಹಿಂದೆ. ಮೊದಲ ದಿನವೇ 6.75 ಮೀಟರಿನಿಂದ ಎಸೆಯಲು ಬಿಟ್ಟರೆ ಭುಜದ ಬಲ ಸಾಲದೆ ಮೊಣಕೈ ಹೊರಗೆ ತಿರುಗುತ್ತದೆ, ಎಸೆತ ಕೆಡುತ್ತದೆ.

ಹಾರಿ ಇಳಿಯುವಾಗ ಮೊಣಕಾಲು ತಿರುಚಿಕೊಂಡ ಹುಡುಗಿಯರೇ ಜಾಸ್ತಿ. ಯಾಕೆ?

ಮೊಣಕಾಲಿನೊಳಗಿನ ಎಸಿಎಲ್ ಎಂಬ ಕಟ್ಟು ಹರಿಯುವುದು ಈ ಆಟದಲ್ಲಿ ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ಬಹಳ ಸಲ ಯಾರೂ ತಾಗದೆಯೇ ಆಗುತ್ತದೆ. ಇಳಿಯುವಾಗ ಮೊಣಕಾಲು ಒಳಕ್ಕೆ ಬಾಗಿದರೆ, ಕಾಲು ನೆಟ್ಟಗಿದ್ದರೆ, ಅಥವಾ ಒಂದೇ ಕಾಲಲ್ಲಿ ಗಕ್ಕನೆ ನಿಂತು ತಿರುಗಿದರೆ ಅಪಾಯ. ತಡೆಯಲು ದಿನಾ 15 ನಿಮಿಷ ಸಾಕು: ಸ್ಕ್ವಾಟ್, ಒಂಟಿ ಕಾಲಿನ ಸಮತೋಲನ, ಹಾರಿ ಎರಡು ಕಾಲಲ್ಲಿ ಸದ್ದಿಲ್ಲದೆ ಇಳಿಯುವುದು. ಮೊಣಕಾಲು ಪಾದದ ಬೆರಳಿನ ನೇರಕ್ಕೆ ಇದೆಯೇ ಎಂದು ಎದುರು ನಿಂತು ನೋಡಿ ತಿದ್ದಬೇಕು. ‘ಟಪ್’ ಎಂದು ಸದ್ದಾಗಿ ಕೆಲವು ಗಂಟೆಯೊಳಗೆ ಊದಿಕೊಂಡರೆ ಎಣ್ಣೆ ತಿಕ್ಕಬೇಡಿ, ನೀವಿಸಬೇಡಿ. ಐಸ್ ಇಟ್ಟು ಮೂಳೆ ವೈದ್ಯರ ಹತ್ತಿರ ಕರೆದೊಯ್ಯಿರಿ.

ತಲೆಗೆ ಸ್ಕಾರ್ಫ್ ಕಟ್ಕೊಂಡು ಆಡಬಹುದಾ? ಬಳೆ, ಓಲೆ?

ಸ್ಕಾರ್ಫಿಗೆ ಫೀಬಾ 2017ರ ಅಕ್ಟೋಬರ್ 1ರಿಂದ ಅವಕಾಶ ಕೊಟ್ಟಿದೆ. ಮುಖ ಮುಚ್ಚಬಾರದು. ಮುಖ, ಕುತ್ತಿಗೆಯ ಸುತ್ತ ಪಿನ್ನು, ಗುಂಡಿ, ಗಂಟು ಇರಬಾರದು. ತುದಿ ಹೊರಗೆ ಚಾಚಬಾರದು. ತಲೆಗೆ ಎಳೆದುಕೊಂಡರೆ ಕೂರುವ ಬಿಗಿ ಬಟ್ಟೆಯದೇ ಸರಿ. ಬಣ್ಣದ ನಿಯಮವೂ ಇದೆ. ಕಪ್ಪು, ಬಿಳಿ ಅಥವಾ ಜೆರ್ಸಿಯ ಬಣ್ಣವಾದರೆ ತೊಂದರೆಯಿಲ್ಲ. ಬಳೆ, ಓಲೆ, ಮೂಗುಬೊಟ್ಟು, ಕಾಲ್ಗೆಜ್ಜೆ ಯಾವುದೂ ಬೇಡ. ಟೇಪ್ ಸುತ್ತಿದರೂ ಒಪ್ಪುವುದಿಲ್ಲ. ಹೊಸದಾಗಿ ಮೂಗು ಚುಚ್ಚಿಸುವುದಿದ್ದರೆ ಟೂರ್ನಿ ಮುಗಿಸಿ ಚುಚ್ಚಿಸಿ.

ಮುಟ್ಟಿನ ದಿನ ಮ್ಯಾಚ್ ಬಂದ್ರೆ ಆಡಿಸಬಹುದಾ?

ಆಡಬಹುದು, ದೇಹಕ್ಕೆ ಕೇಡಿಲ್ಲ. ತೀರ್ಮಾನ ಆ ಹುಡುಗಿಯದು. ಸುಸ್ತು, ತಲೆಸುತ್ತು ಪದೇ ಪದೇ ಬಂದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ರಕ್ತಹೀನತೆ ಇರುವ ಹುಡುಗಿ ನಾಲ್ಕನೆಯ ಕ್ವಾರ್ಟರಿನಲ್ಲಿ ಓಡದೇ ಇದ್ದರೆ ಅದು ಸೋಮಾರಿತನ ಅಲ್ಲ.

ಹಾಸನದಿಂದ ರಾಜ್ಯ ತಂಡಕ್ಕೆ ದಾರಿ ಯಾವುದು?

ಎರಡು ದಾರಿ, ಎರಡನ್ನೂ ಬಿಡಬೇಡಿ. ಒಂದು ಶಾಲಾ ಕ್ರೀಡಾಕೂಟ: ತಾಲ್ಲೂಕು, ಜಿಲ್ಲೆ, ಮೈಸೂರು ವಿಭಾಗ, ರಾಜ್ಯ. ದಸರಾ ಕ್ರೀಡಾಕೂಟಕ್ಕೂ ಇದೇ ಮೆಟ್ಟಿಲು. ಇನ್ನೊಂದು ರಾಜ್ಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ನಡೆಸುವ ವಯೋಮಿತಿ ಟೂರ್ನಿಗಳು ಮತ್ತು ಆಯ್ಕೆ ಶಿಬಿರ. ರಾಷ್ಟ್ರೀಯ ತಂಡಕ್ಕೆ ನೋಡುವುದು ಮುಖ್ಯವಾಗಿ ಇದನ್ನೇ.

ಹುಡುಗಿಯರು ಎಡವುವುದು ಆಟಕ್ಕಿಂತ ಹೆಚ್ಚಾಗಿ ಕಾಗದದಲ್ಲಿ. ಜನನ ಪ್ರಮಾಣಪತ್ರ, ಆಧಾರ್, ಶಾಲಾ ದಾಖಲೆ ಮೂರರಲ್ಲೂ ಹುಟ್ಟಿದ ದಿನ, ಹೆಸರಿನ ಅಕ್ಷರ, ಇನಿಷಿಯಲ್ ಒಂದೇ ಆಗಿರಬೇಕು. ಆಯ್ಕೆ ದಿನ ಬೆಳಿಗ್ಗೆ ಇದು ಸರಿಹೋಗುವುದಿಲ್ಲ. ಏಳನೆಯ ತರಗತಿಯಲ್ಲೇ ಸರಿ ಮಾಡಿಸಿಡಿ. ಅಂತರರಾಷ್ಟ್ರೀಯ ವಯೋಮಿತಿ ಟೂರ್ನಿಯಲ್ಲಿ ಲೆಕ್ಕಕ್ಕೆ ಬರುವುದು ಹುಟ್ಟಿದ ವರ್ಷ. ಜನವರಿಯಲ್ಲಿ ಹುಟ್ಟಿದವಳೂ ಡಿಸೆಂಬರಿನವಳೂ ಒಂದೇ ಗುಂಪು.

## ಇಲ್ಲೇ ಒಂದು ಟೂರ್ನಿ ನಡೆಸುವವರಿಗೆ

ಅದೇ ಮಾದರಿಯಲ್ಲಿ ಆರು ತಂಡದ ಟೂರ್ನಿ ಮಾಡಬೇಕು. ಯಾರು ಯಾರ ಎದುರು?

ನಾಕೌಟ್ ಮಾಡಿದರೆ ದೂರದಿಂದ ಬಸ್ಸಿನಲ್ಲಿ ಬಂದ ತಂಡ ಒಂದೇ ಪಂದ್ಯ ಆಡಿ ವಾಪಸ್ಸಾಗುತ್ತದೆ. ಲೀಗಿನಲ್ಲಿ ಪ್ರತಿ ತಂಡಕ್ಕೂ ಐದು ಪಂದ್ಯ. ಹುಡುಗಿಯರು ಬೆಳೆಯುವುದು ಹಾಗೆ. ಚೀಟಿ ಎತ್ತಿ 1ರಿಂದ 6 ಸಂಖ್ಯೆ ಕೊಡಿ.

ಮೊದಲ ಸುತ್ತು: 1-6, 2-5, 3-4
ಎರಡನೆಯದು: 6-4, 5-3, 1-2
ಮೂರನೆಯದು: 2-6, 3-1, 4-5
ನಾಲ್ಕನೆಯದು: 6-5, 1-4, 2-3
ಐದನೆಯದು: 3-6, 4-2, 5-1

ಪೂರ್ತಿ ನಿಯಮದ ಪಂದ್ಯಕ್ಕೆ ಒಂದೂವರೆಯಿಂದ ಒಂದೂಮುಕ್ಕಾಲು ಗಂಟೆ ಹಿಡಿಯುತ್ತದೆ. ಒಂದೇ ಅಂಕಣವಿದ್ದರೆ ದಿನಕ್ಕೆ ಮೂರು ಪಂದ್ಯದಂತೆ ಐದು ದಿನ. ಮೂರೇ ದಿನ ಇದ್ದರೆ 8 ನಿಮಿಷದ ಕ್ವಾರ್ಟರ್ ಮಾಡಿ, ದಿನಕ್ಕೆ ಐದು ಪಂದ್ಯ. ಆದರೆ ಒಂದು ತಂಡಕ್ಕೆ ಎರಡು ಪಂದ್ಯದ ನಡುವೆ ಕನಿಷ್ಠ ಮೂರು ಗಂಟೆ ಬಿಡುವು ಕೊಡಿ. ಐದನೆಯ ಸುತ್ತಿನ ಕೊನೆಯ ಎರಡು ಪಂದ್ಯಗಳನ್ನು ಎರಡು ಅಂಕಣದಲ್ಲಿ ಒಟ್ಟಿಗೆ ಆಡಿಸಲಾದರೆ ಬಹಳ ಒಳ್ಳೆಯದು. ಇಲ್ಲದಿದ್ದರೆ ಕೊನೆಗೆ ಆಡುವವರಿಗೆ ಎಷ್ಟು ಅಂಕದ ಅಂತರ ಬೇಕು ಎಂಬುದು ಮೊದಲೇ ಗೊತ್ತಿರುತ್ತದೆ. ಸಮವಾದರೆ ತೀರ್ಮಾನಿಸುವ ಕ್ರಮವನ್ನು ಮೊದಲ ದಿನವೇ ಬರೆದು, ಎಲ್ಲ ಕೋಚುಗಳ ಸಹಿ ಹಾಕಿಸಿ ಗೋಡೆಗೆ ಅಂಟಿಸಿ.

ಯಾವ ತಿಂಗಳು ಒಳ್ಳೇದು?

ಜೂನ್‌ನಿಂದ ಸೆಪ್ಟೆಂಬರ್ ಮಳೆ. ಸಕಲೇಶಪುರ, ಆಲೂರಿನ ಕಡೆ ಹೊರಾಂಗಣ ಅಂಕಣ ಪಾಚಿ ಕಟ್ಟಿ ಜಾರುತ್ತದೆ. ದೀಪಾವಳಿಯ ಆಸುಪಾಸಿನಲ್ಲಿ ಹಾಸನಾಂಬೆಯ ಬಾಗಿಲು ತೆರೆದಾಗ ಹಾಸನದಲ್ಲಿ ಲಾಡ್ಜ್ ರೂಮೂ ಸಿಗುವುದಿಲ್ಲ, ಬಸ್ಸಿನಲ್ಲಿ ಜಾಗವೂ ಸಿಗುವುದಿಲ್ಲ. ಮಾರ್ಚ್ ಪರೀಕ್ಷೆಯ ತಿಂಗಳು. ಉಳಿಯುವುದು ಡಿಸೆಂಬರ್, ಜನವರಿ. ಬೆಳಿಗ್ಗೆ ಇಬ್ಬನಿ ಇರುತ್ತದೆ. ಆದ್ದರಿಂದ ಮೊದಲ ಪಂದ್ಯ 9.00ಕ್ಕೆ ಮುಂಚೆ ಬೇಡ, ಆಡುವ ಮೊದಲು ಒಣ ಗೋಣಿಯಲ್ಲಿ ನೆಲ ಒರೆಸಿ.

ನಮ್ಮ ಶಾಲೆ ಕೋರ್ಟು ಹಳೇದು. ಗೆರೆ ಸರಿ ಇದೆಯಾ ಅಂತ ನೋಡೋದು ಹೆಂಗೆ?

ಬುಟ್ಟಿಯ ಕೆಳಗಿನ ಕೀ ಜಾಗ ಬುಡದಲ್ಲಿ ಅಗಲವಾಗಿ ಮೇಲೆ ಕಿರಿದಾಗಿದ್ದರೆ, ಮೂರು ಅಂಕದ ಗೆರೆ 6.25 ಮೀಟರಿಗಿದ್ದರೆ, ಅದು 2010ಕ್ಕೆ ಹಿಂದಿನದು. ಈಗ ಕೀ 4.90 ಮೀಟರ್ ಅಗಲ, 5.80 ಮೀಟರ್ ಉದ್ದದ ಆಯತ.

ಹೊಸದಾಗಿ ಎಳೆಯುವಾಗ ಮೊದಲು 28 ಮತ್ತು 15 ಮೀಟರ್ ಅಳೆದು ನಾಲ್ಕು ಮೂಲೆಗೆ ಮೊಳೆ ಹೊಡೆಯಿರಿ, ಆಮೇಲೆ ಮೂಲೆಯಿಂದ ಮೂಲೆಗೆ ಕರ್ಣ ಅಳೆಯಿರಿ. ಎರಡು ಕರ್ಣವೂ 31.76 ಮೀಟರ್ ಬರಬೇಕು. ಬರದಿದ್ದರೆ ಅಂಕಣ ಸೊಟ್ಟಗಿದೆ, ಗೆರೆ ಎಳೆಯಬೇಡಿ. ಮೂರು ಅಂಕದ ಕಮಾನಿಗೆ ದಾರದ ಬುಡವನ್ನು ಬೋರ್ಡಿನ ಕೆಳಗೆ ಹಿಡಿಯುವುದು ಸಾಮಾನ್ಯ ತಪ್ಪು. ಹಿಡಿಯಬೇಕಾದ್ದು ರಿಂಗಿನ ನಡುಮಧ್ಯದ ನೇರ ಕೆಳಗೆ, ಎಂಡ್ ಲೈನಿನ (ಬುಟ್ಟಿಯ ಹಿಂದಿನ ಗೆರೆಯ) ಒಳ ಅಂಚಿನಿಂದ 1.575 ಮೀಟರಿನಲ್ಲಿ. ಅಲ್ಲಿಂದ 6.75 ಮೀಟರ್ ದಾರ. ಪಕ್ಕದಲ್ಲಿ ಸೈಡ್ ಲೈನಿನಿಂದ 0.90 ಮೀಟರ್ ಒಳಗೆ ನೇರ ಗೆರೆ. ಕಮಾನು ಆ ನೇರ ಗೆರೆಯನ್ನು ಸೇರುವುದು ಎಂಡ್ ಲೈನಿನಿಂದ 2.99 ಮೀಟರಿನಲ್ಲಿ. ಎಲ್ಲ ಗೆರೆಯೂ 5 ಸೆಂಟಿಮೀಟರ್ ದಪ್ಪ.

ಅಂಕಣದ ಸುತ್ತ 2 ಮೀಟರ್ ಖಾಲಿ ಬಿಡಿ. ಕಂಬ, ಕಲ್ಲು, ಬೆಂಚು, ನೀರಿನ ಕ್ಯಾನ್ ಯಾವುದೂ ಅಲ್ಲಿರಬಾರದು. ರಿಂಗಿನ ಎತ್ತರ ಎರಡೂ ಕಡೆ ಬೇರೆ ಬೇರೆಯಾಗಿ ಅಳೆಯಿರಿ. ಹುಡುಗರು ಜೋತುಬಿದ್ದ ರಿಂಗು ಮುಂದಕ್ಕೆ ಬಾಗಿರುತ್ತದೆ.

ಸ್ಕೋರ್ ಟೇಬಲ್ಲಿಗೆ ಎಷ್ಟು ಜನ ಬೇಕು?

ನಾಲ್ಕು: ಸ್ಕೋರರ್, ಸಹಾಯಕ ಸ್ಕೋರರ್, ಟೈಮರ್, ಶಾಟ್ ಕ್ಲಾಕ್ (24 ಸೆಕೆಂಡಿನ ಗಡಿಯಾರ) ನೋಡುವವರು. ಬೇಕಾದ್ದು ಸ್ಕೋರ್ ಶೀಟ್, ಎರಡು ಸ್ಟಾಪ್‌ವಾಚ್, 1ರಿಂದ 5ರ ಫೌಲ್ ಫಲಕ, ಎರಡು ಬೇರೆ ಸದ್ದಿನ ಹಾರ್ನ್, ಮುಂದಿನ ಸರದಿಯಲ್ಲಿ ಚೆಂಡು ಯಾರದು ಎಂದು ತೋರಿಸುವ ಬಾಣ. ಶಾಟ್ ಕ್ಲಾಕ್ ಯಂತ್ರ ಇಲ್ಲದಿದ್ದರೆ ಒಬ್ಬರು ಸ್ಟಾಪ್‌ವಾಚ್ ಹಿಡಿದು ‘ಹತ್ತು’ ಎಂದು ಕೂಗಲಿ, ಕೊನೆಯ ಐದನ್ನು ಎಣಿಸಲಿ.

ಹೆಚ್ಚು ತಪ್ಪಾಗುವುದು ಬಾಣದಲ್ಲಿ. ಎರಡನೆಯದರಿಂದ ಮುಂದೆ ಪ್ರತಿ ಕ್ವಾರ್ಟರಿನ ಆರಂಭದ ಥ್ರೋ ಇನ್ (ಗೆರೆಯ ಹೊರಗಿಂದ ಚೆಂಡು ಒಳಗೆ ಕೊಡುವುದು) ಮುಗಿದ ತಕ್ಷಣ ಅದನ್ನು ತಿರುಗಿಸಬೇಕು, ಅರ್ಧ ಆಟ ಮುಗಿದಾಗ ತಂಡಗಳು ಬುಟ್ಟಿ ಬದಲಿಸುವುದರಿಂದ ಮತ್ತೆ ನೋಡಿ ಸರಿಮಾಡಬೇಕು. ಇನ್ನೊಂದು ತಪ್ಪು ಅಂಕದಲ್ಲಿ. ಫಲಕದ ಅಂಕಕ್ಕೂ ಶೀಟಿನ ಅಂಕಕ್ಕೂ ಪ್ರತಿ ಕ್ವಾರ್ಟರ್ ಮುಗಿದಾಗ ತಾಳೆ ನೋಡಿ ಇಬ್ಬರು ಕೋಚುಗಳಿಗೂ ತೋರಿಸಿ. ಅಂತರವೇ ಟಿಕೆಟ್ ತೀರ್ಮಾನಿಸುವ ಟೂರ್ನಿಯಲ್ಲಿ ಒಂದು ಅಂಕ ತಪ್ಪಿ ಬರೆದರೆ ಒಂದು ತಂಡದ ಜಾಗವೇ ಹೋಗುತ್ತದೆ.

ಆಟ ಬಿಟ್ಟು ಬೇರೆ ಏನು ಮರೀತೀವಿ?

ಹುಡುಗಿಯರಿಗೆ ಚಿಲಕ ಹಾಕುವ, ನೀರು ಬರುವ ಶೌಚಾಲಯ. ಬಟ್ಟೆ ಬದಲಿಸಲು ಕೋಣೆ. ಒಂದು ಡಬ್ಬಿ ಪ್ಯಾಡ್. ಊಟಕ್ಕೆ ಪಂದ್ಯಕ್ಕಿಂತ ಎರಡೂವರೆ ಮೂರು ಗಂಟೆ ಮೊದಲು ಮುದ್ದೆ ಅಥವಾ ಅನ್ನ, ಪಂದ್ಯದ ನಡುವೆ ಬಾಳೆಹಣ್ಣು. ಸಂಜೆ ಕೊನೆಯ ಪಂದ್ಯ ಮುಗಿಯುವ ಹೊತ್ತಿಗೆ ಆಲೂರು, ಅರಕಲಗೂಡು, ಹೊಳೆನರಸೀಪುರಕ್ಕೆ ಬಸ್ಸಿದೆಯೇ ಎಂದು ಮೊದಲೇ ವಿಚಾರಿಸಿ. ದೂರದ ತಂಡದ ಪಂದ್ಯವನ್ನು ಕೊನೆಗೆ ಇಡಬೇಡಿ. ಕತ್ತಲಾದ ಮೇಲೆ ಮಗಳು ಮನೆಗೆ ಹೇಗೆ ಬರುತ್ತಾಳೆ ಎಂಬ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ, ಮುಂದಿನ ವರ್ಷ ಆ ಮನೆಯವರು ಅವಳನ್ನು ಕಳಿಸುವುದಿಲ್ಲ.